ಸಂವೇಗ, ಚಲನ ಶಕ್ತಿ ಎರಡೂ ಯಾಕೆ ಬೇಕು? ಬ್ರೇಕ್ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ

ಪಿಯು_ಸೈನ್ಸ್_ಹಾಸನ

ಎಲ್ಲರಿಗೂ ನಮಸ್ಕಾರ. ಫಸ್ಟ್ ಪಿಯು ಓದುತ್ತಿದ್ದೇನೆ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಹಾಗಾಗಿ ಕನ್ನಡದಲ್ಲೇ ಕೇಳುತ್ತೇನೆ.

ಒಂದು ಕಾರು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ, ಅಂದರೆ ಸೆಕೆಂಡಿಗೆ 10 ಮೀಟರ್. ಅದೇ ಕಾರು 72ರಲ್ಲಿ ಹೋದರೆ ಸೆಕೆಂಡಿಗೆ 20 ಮೀಟರ್. ಎರಡೂ ಸಲ ಬ್ರೇಕ್ ಒಂದೇ ಬಲದಲ್ಲಿ ಹಿಡಿಯುತ್ತದೆ ಅಂತ ಇಟ್ಟುಕೊಳ್ಳೋಣ. ವೇಗ ಎರಡು ಪಟ್ಟಾಯಿತು, ಸಂವೇಗವೂ (ರಾಶಿ ಗುಣಿಸು ವೇಗ) ಎರಡು ಪಟ್ಟಾಯಿತು, ಹಾಗಾಗಿ ನಿಲ್ಲುವುದಕ್ಕೆ ಎರಡು ಪಟ್ಟು ಸಮಯ ಬೇಕು. ಇಲ್ಲಿವರೆಗೆ ಅರ್ಥ ಆಯಿತು. ಆದರೆ ಚಲನ ಶಕ್ತಿ (ಅರ್ಧ ಗುಣಿಸು ರಾಶಿ ಗುಣಿಸು ವೇಗದ ವರ್ಗ) ನಾಲ್ಕು ಪಟ್ಟು, ಆದ್ದರಿಂದ ನಾಲ್ಕು ಪಟ್ಟು ದೂರ ಹೋಗಿ ನಿಲ್ಲುತ್ತದೆ ಅಂತಲೂ ಪುಸ್ತಕದಲ್ಲಿದೆ. ಕಾರು ಅದೇ, ಬ್ರೇಕೂ ಅದೇ. ಒಂದು ಲೆಕ್ಕ ಎರಡು ಅನ್ನುತ್ತದೆ, ಇನ್ನೊಂದು ನಾಲ್ಕು ಅನ್ನುತ್ತದೆ. ಎರಡೂ ಒಟ್ಟಿಗೆ ಹೇಗೆ ಸರಿ?

ಇನ್ನೊಂದು. ಎರಡರಲ್ಲೂ ಇರುವುದು ಅದೇ ರಾಶಿ, ಅದೇ ವೇಗ. ಹಾಗಿದ್ದ ಮೇಲೆ ಎರಡು ಬೇರೆ ಬೇರೆ ಅಳತೆ ಯಾಕೆ ಬೇಕು? ಫಾರ್ಮುಲಾ ಬಾಯಿಪಾಠ ಇದೆ, ಲೆಕ್ಕ ಮಾಡಿದರೆ ಉತ್ತರವೂ ಬರುತ್ತದೆ. ಆದರೆ ಒಳಗೆ ಏನು ನಡೆಯುತ್ತಿದೆ ಅಂತ ಕಣ್ಣಿಗೆ ಕಾಣುತ್ತಿಲ್ಲ.

ಸಿಇಟಿ_ಕೋಚ್

ಬಲ ಎಷ್ಟು ಹೊತ್ತು ತಳ್ಳಿತು ಅನ್ನುವುದು ಗೊತ್ತಿದ್ದರೆ ಸಂವೇಗದ ಲೆಕ್ಕ ಮಾಡಿ. ಎಷ್ಟು ದೂರ ತಳ್ಳಿತು ಅನ್ನುವುದು ಗೊತ್ತಿದ್ದರೆ ಶಕ್ತಿಯ ಲೆಕ್ಕ ಮಾಡಿ. ಬಲ ಗುಣಿಸು ಸಮಯ ಅಂದರೆ ಸಂವೇಗದಲ್ಲಾದ ಬದಲಾವಣೆ. ಬಲ ಗುಣಿಸು ದೂರ ಅಂದರೆ ಚಲನ ಶಕ್ತಿಯಲ್ಲಾದ ಬದಲಾವಣೆ. ಪರೀಕ್ಷೆಯಲ್ಲಿ ಇದನ್ನೇ ತಿರುಗಿಸಿ ತಿರುಗಿಸಿ ಕೇಳುತ್ತಾರೆ. ಒಂದು ಹಗುರ ವಸ್ತು, ಒಂದು ಭಾರದ ವಸ್ತು, ಎರಡಕ್ಕೂ ಒಂದೇ ಸಂವೇಗ ಇದೆ, ಒಂದೇ ಬಲದಿಂದ ನಿಲ್ಲಿಸಿದರೆ ಯಾವುದು ಮೊದಲು ನಿಲ್ಲುತ್ತದೆ? ಎರಡೂ ಒಂದೇ ಹೊತ್ತಿಗೆ ನಿಲ್ಲುತ್ತವೆ. ಆದರೆ ಹಗುರದ್ದು ಜಾಸ್ತಿ ದೂರ ಹೋಗಿ ನಿಲ್ಲುತ್ತದೆ, ಯಾಕೆಂದರೆ ಅದರ ಚಲನ ಶಕ್ತಿ ಜಾಸ್ತಿ. ಎರಡಕ್ಕೂ ಒಂದೇ ಚಲನ ಶಕ್ತಿ ಇದ್ದರೆ ಒಂದೇ ದೂರದಲ್ಲಿ ನಿಲ್ಲುತ್ತವೆ, ಭಾರದ್ದು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಇಷ್ಟು ಗಟ್ಟಿ ಇದ್ದರೆ ಸಾಕು, ಮುಂದಿನ ಪಾಠಕ್ಕೆ ಹೋಗಿ.

ಫಿಸಿಕ್ಸ್_ಮೇಷ್ಟ್ರು

ಮೇಲಿನವರು ಹೇಳಿದ್ದು ಪೂರ್ತಿ ಸರಿ. ಆದರೆ ಈ ಹುಡುಗಿ ಕೇಳುತ್ತಿರುವುದು ಕಣ್ಣಿಗೆ ಕಾಣಬೇಕು ಅಂತ. ಅದು ಒಳ್ಳೆ ಆಸೆ, ಮುಂದಿನ ಪಾಠ ಸ್ವಲ್ಪ ಕಾಯಲಿ.

ನಿಮ್ಮ ಕಾರನ್ನೇ ತೆಗೆದುಕೊಳ್ಳೋಣ. ತೂಕ 1000 ಕೆಜಿ, ಬ್ರೇಕಿನ ಬಲ 5000 ನ್ಯೂಟನ್. ಅಂದರೆ ಪ್ರತಿ ಸೆಕೆಂಡಿಗೂ ವೇಗ 5 ಮೀಟರ್‌ನಷ್ಟು ಇಳಿಯುತ್ತದೆ. 20ರಲ್ಲಿ ಹೊರಟ ಕಾರು 4 ಸೆಕೆಂಡಿನಲ್ಲಿ ನಿಲ್ಲುತ್ತದೆ, 10ರಲ್ಲಿ ಹೊರಟದ್ದು 2 ಸೆಕೆಂಡಿನಲ್ಲಿ. ಸಮಯ ಎರಡು ಪಟ್ಟು. ಈಗ ಈ 4 ಸೆಕೆಂಡನ್ನು ಮಧ್ಯಕ್ಕೆ ಸೀಳಿ ನೋಡಿ.

ಮೊದಲ 2 ಸೆಕೆಂಡಿನಲ್ಲಿ ವೇಗ 20ರಿಂದ 10ಕ್ಕೆ ಬರುತ್ತದೆ. ಸರಾಸರಿ ವೇಗ 15, ಹೋದ ದೂರ 30 ಮೀಟರ್. ಉಳಿದ 2 ಸೆಕೆಂಡಿನಲ್ಲಿ 10ರಿಂದ ಸೊನ್ನೆಗೆ. ಸರಾಸರಿ 5, ಹೋದ ದೂರ ಬರೀ 10 ಮೀಟರ್. ಒಟ್ಟು 40. ನಿಧಾನದ ಕಾರಿನ 10 ಮೀಟರಿಗೆ ಇದು ನಾಲ್ಕು ಪಟ್ಟು. ಇದರಲ್ಲಿ ಮಾಯ ಏನೂ ಇಲ್ಲ: ಎರಡು ಪಟ್ಟು ಹೊತ್ತು ಓಡಿತು, ಓಡುವಾಗ ಸರಾಸರಿ ವೇಗವೂ ಎರಡು ಪಟ್ಟಿತ್ತು, ಎರಡೆರಡ್ಲ ನಾಲ್ಕು.

ಇನ್ನು ಸಂವೇಗ ಮತ್ತು ಶಕ್ತಿ ಹೇಗೆ ಖರ್ಚಾದವು ನೋಡಿ. ಶುರುವಿನಲ್ಲಿ ಸಂವೇಗ 20,000 ಇತ್ತು. ಮೊದಲ 2 ಸೆಕೆಂಡಿನಲ್ಲಿ 10,000 ಹೋಯಿತು, ಆಮೇಲಿನ 2 ಸೆಕೆಂಡಿನಲ್ಲಿ 10,000. ಸಮ ಸಮ. ಶಕ್ತಿ ಶುರುವಿನಲ್ಲಿ 2 ಲಕ್ಷ ಜೂಲ್ ಇತ್ತು. ವೇಗ ಅರ್ಧಕ್ಕೆ ಬರುವಷ್ಟರಲ್ಲಿ ಅದು 50 ಸಾವಿರಕ್ಕೆ ಇಳಿದಿದೆ. ಒಂದೂವರೆ ಲಕ್ಷ ಜೂಲ್ ಮೊದಲ ಅರ್ಧದಲ್ಲೇ ಬ್ರೇಕಿನಲ್ಲಿ ಬಿಸಿಯಾಗಿ ಹೋಗಿದೆ! ಬೇಕಾದರೆ ತಾಳೆ ನೋಡಿ: 5000 ನ್ಯೂಟನ್ ಗುಣಿಸು 30 ಮೀಟರ್, ಸರಿಯಾಗಿ ಒಂದೂವರೆ ಲಕ್ಷ. ಗಡಿಯಾರ ಹಿಡಿದು ನೋಡಿದರೆ ಸಂವೇಗ ಸಮನಾಗಿ ಇಳಿಯುತ್ತದೆ, ಟೇಪು ಹಿಡಿದು ರಸ್ತೆ ಅಳೆದರೆ ಶಕ್ತಿ ಸಮನಾಗಿ ಇಳಿಯುತ್ತದೆ. ಎರಡೂ ಅದೇ ಬ್ರೇಕಿನ ಕೆಲಸ.

ರಸ್ತೆಯ ಮೇಲೆ ಇದರ ಅರ್ಥ ಏನು ಅಂತ ಹೇಳದೆ ಬಿಡೋಕೆ ಮನಸ್ಸಾಗುವುದಿಲ್ಲ. ಎರಡು ಕಾರು ಅಕ್ಕಪಕ್ಕ ಬರುತ್ತಿವೆ, ಒಂದು 36ರಲ್ಲಿ, ಇನ್ನೊಂದು 72ರಲ್ಲಿ. ಒಂದೇ ಜಾಗದಲ್ಲಿ ಇಬ್ಬರೂ ಬ್ರೇಕ್ ಒತ್ತುತ್ತಾರೆ. ನಿಧಾನದ ಕಾರು 10 ಮೀಟರ್ ದಾಟಿ ನಿಂತಿತು. ಅದೇ 10 ಮೀಟರ್ ಗೆರೆಯನ್ನು ವೇಗದ ಕಾರು ದಾಟುವಾಗ ಅದರ ವೇಗ ಎಷ್ಟಿರುತ್ತದೆ? 36 ಅಂತ ತುಂಬಾ ಜನ ಹೇಳುತ್ತಾರೆ, 72ರಲ್ಲಿ 36 ಕಳೆದು. ಲೆಕ್ಕ ಮಾಡಿ: ಆ 10 ಮೀಟರಿನಲ್ಲಿ ಎರಡೂ ಕಾರು ಕಳೆದುಕೊಳ್ಳುವ ಶಕ್ತಿ ಒಂದೇ, ಹಾಗಾಗಿ ಕಳೆಯಬೇಕಾದದ್ದು ವೇಗದ ವರ್ಗವನ್ನು. 400ರಲ್ಲಿ 100 ಕಳೆದರೆ 300, ವರ್ಗಮೂಲ ಸುಮಾರು 17.3. ಅಂದರೆ ಗಂಟೆಗೆ 62 ಕಿಲೋಮೀಟರ್. ಅಲ್ಲಿ ರಸ್ತೆಗೆ ಅಡ್ಡ ಒಂದು ಮಗು ಬಂದಿದ್ದರೆ ನಿಧಾನದ ಕಾರು ಮಗುವಿನ ಮುಂದೆ ನಿಲ್ಲುತ್ತಿತ್ತು, ಇನ್ನೊಂದು 62ರಲ್ಲಿ ಹೊಡೆಯುತ್ತಿತ್ತು. ಸ್ಕೂಲ್ ಹತ್ತಿರ ವೇಗದ ಮಿತಿ ಹಾಕುವುದು ಸುಮ್ನೆ ಅಲ್ಲ.

ಶಿರಾಡಿ_ಲಾರಿ

ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದಿದವನು, ಈಗ ಮನೆಯ ಲಾರಿ ನೋಡಿಕೊಳ್ಳುತ್ತೇನೆ. ಮಂಗಳೂರಿಗೆ ಲೋಡ್ ಹೋಗುತ್ತದೆ. ಮೇಷ್ಟ್ರು ಹೇಳಿದ ಲೆಕ್ಕಕ್ಕೆ ಘಟ್ಟದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಸಂವೇಗ ಬೇರೆ, ಶಕ್ತಿ ಬೇರೆ ಅನ್ನುವುದು ನನಗೆ ಚೆನ್ನಾಗಿ ಕಂಡದ್ದು ಘಟ್ಟ ಇಳಿಯುವಾಗಲೇ.

ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಲಾರಿ ಒಂದೇ ವೇಗದಲ್ಲಿ ಹೋಗಬೇಕು. ನೇರ ಇಳಿಜಾರಿನ ಒಂದು ತುಂಡು ತೆಗೆದುಕೊಳ್ಳಿ. ವೇಗ ಬದಲಾಗುತ್ತಿಲ್ಲ, ಹಾಗಾಗಿ ಸಂವೇಗ ಬದಲಾಗುತ್ತಿಲ್ಲ, ಚಲನ ಶಕ್ತಿಯೂ ಬದಲಾಗುತ್ತಿಲ್ಲ. ಬಲಗಳನ್ನೆಲ್ಲ ಕೂಡಿದರೆ ಸೊನ್ನೆ. ಸಂವೇಗದ ಲೆಕ್ಕ ಮಾತ್ರ ನೋಡುವವರಿಗೆ ಅಲ್ಲಿ ಏನೂ ನಡೆಯುತ್ತಿಲ್ಲ ಅಂತ ಕಾಣುತ್ತದೆ. ಆದರೆ ಕ್ಯಾಬಿನ್ನಿನಲ್ಲಿ ಕೂತವನಿಗೆ ಬ್ರೇಕಿನ ಲೈನರ್ ಸುಟ್ಟ ವಾಸನೆ ಬರುತ್ತಿರುತ್ತದೆ. ಎತ್ತರದಲ್ಲಿದ್ದಾಗ ಇದ್ದ ಶಕ್ತಿ ಎಲ್ಲಾದರೂ ಹೋಗಲೇಬೇಕು ಅಲ್ವಾ?

ಲೆಕ್ಕಕ್ಕೆ 10 ಟನ್ ತೂಕ, 500 ಮೀಟರ್ ಇಳಿತ ಅಂತ ಇಟ್ಟುಕೊಳ್ಳಿ. 10,000 ಗುಣಿಸು 9.8 ಗುಣಿಸು 500, ಸುಮಾರು 4 ಕೋಟಿ 90 ಲಕ್ಷ ಜೂಲ್. ಅದೇ ಲಾರಿಯನ್ನು ಸಮತಟ್ಟು ರಸ್ತೆಯಲ್ಲಿ 36ರಿಂದ ನಿಲ್ಲಿಸಬೇಕಾದರೆ ಬ್ರೇಕು ತಿನ್ನಬೇಕಾದದ್ದು 5 ಲಕ್ಷ ಜೂಲ್ ಅಷ್ಟೇ. ಅಂದರೆ ಒಂದು ಘಟ್ಟ ಇಳಿದರೆ ಸುಮಾರು ನೂರು ಸಲ ಬ್ರೇಕ್ ಹೊಡೆದು ನಿಲ್ಲಿಸಿದಷ್ಟು. ಆ ಶಕ್ತಿಯಲ್ಲಿ 145 ಲೀಟರ್ ತಣ್ಣೀರನ್ನು 20 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಬಹುದು. ಇದನ್ನೆಲ್ಲ ಬ್ರೇಕ್ ಡ್ರಮ್ಮಿನ ತಲೆಗೇ ಕಟ್ಟಿದರೆ ಡ್ರಮ್ಮು ಕಾದು ಹಿಗ್ಗುತ್ತದೆ, ಲೈನರಿನ ಹಿಡಿತ ಇಳಿಯುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಲಾರಿ ನಿಲ್ಲುವುದಿಲ್ಲ. ಹಳೆ ಡ್ರೈವರುಗಳು ಹತ್ತಿದ ಗೇರಿನಲ್ಲೇ ಇಳಿಯಬೇಕು ಅನ್ನುವುದು ಇದಕ್ಕೇ. ಸಣ್ಣ ಗೇರಿನಲ್ಲಿ ಇಂಜಿನ್ನೇ ಗಾಳಿಯನ್ನು ಒತ್ತಿ ಒತ್ತಿ ಶಕ್ತಿ ತಿನ್ನುತ್ತದೆ, ಬಿಸಿ ಸೈಲೆನ್ಸರ್‌ನಿಂದಲೂ ರೇಡಿಯೇಟರ್‌ನಿಂದಲೂ ಹೊರಗೆ ಹೋಗುತ್ತದೆ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ಗೆ ಹಾಕಿ ಇಳಿಯುವವರನ್ನು ಕಂಡರೆ ನನಗೆ ಈಗಲೂ ಕೋಪ ಬರುತ್ತದೆ. ಅವರ ಜೀವದ ಜೊತೆ ಎದುರು ಬರುವವರ ಜೀವವೂ ಅಲ್ಲಿರುತ್ತದೆ.

ಪಿಯು_ಸೈನ್ಸ್_ಹಾಸನ

ಮೇಷ್ಟ್ರೇ, 4 ಸೆಕೆಂಡನ್ನು ಮಧ್ಯಕ್ಕೆ ಸೀಳಿದ್ದು ತುಂಬಾ ಚೆನ್ನಾಗಿತ್ತು. ಪೇಪರಿನಲ್ಲಿ ಗ್ರಾಫ್ ಹಾಕಿ ನೋಡಿದೆ, ಮೊದಲ ಅರ್ಧದ ಜಾಗ ಉಳಿದರ್ಧಕ್ಕಿಂತ ಮೂರು ಪಟ್ಟು. ಲಾರಿ ಅಣ್ಣಾ, ನಿಮ್ಮ ಲೆಕ್ಕವನ್ನು ಅಪ್ಪನಿಗೆ ಓದಿ ಹೇಳಿದೆ.

ಈಗ ಇನ್ನೊಂದು ಸಂಶಯ ಬಂದಿದೆ. ಶಕ್ತಿ ಬಿಸಿಯಾಗಿ ಹೋಗುತ್ತದೆ ಅಂದಿರಿ. ಸರಿ. ಸಂವೇಗ ಎಲ್ಲಿಗೆ ಹೋಗುತ್ತದೆ? ಅದೂ ಸಂರಕ್ಷಿತ, ಅಂದರೆ ಒಟ್ಟು ಮೊತ್ತ ಬದಲಾಗುವುದಿಲ್ಲ ಅಂತ ಓದಿದ್ದೇವೆ. ಅದು ಯಾಕೆ ಬಿಸಿಯಾಗುವುದಿಲ್ಲ?

ಫಿಸಿಕ್ಸ್_ಮೇಷ್ಟ್ರು

ಈ ಪ್ರಶ್ನೆ ಕೇಳಿದ್ದಕ್ಕೆ ಖುಷಿಯಾಯಿತು, ಇದು ನಿಮ್ಮ ಮೊದಲ ಪ್ರಶ್ನೆಗಿಂತ ಆಳವಾದದ್ದು.

ಬಿಸಿ ಅಂದರೆ ಅಣುಗಳ ಗಡಿಬಿಡಿ ಓಡಾಟ. ಒಂದು ಅಣು ಎಡಕ್ಕೆ, ಇನ್ನೊಂದು ಬಲಕ್ಕೆ, ಮತ್ತೊಂದು ಮೇಲಕ್ಕೆ. ಶಕ್ತಿಗೆ ದಿಕ್ಕಿಲ್ಲ. ಎಡಕ್ಕೆ ಹೋಗುವ ಅಣುವಿನ ಶಕ್ತಿಯೂ ಬಲಕ್ಕೆ ಹೋಗುವ ಅಣುವಿನ ಶಕ್ತಿಯೂ ಕೂಡುತ್ತವೆ, ಹಾಗಾಗಿ ಎಷ್ಟು ಬೇಕಾದರೂ ಶಕ್ತಿ ಅಲ್ಲಿ ಅಡಗಿಕೊಳ್ಳಬಹುದು. ಸಂವೇಗಕ್ಕೆ ದಿಕ್ಕಿದೆ. ಎಡದ್ದು ಬಲದ್ದು ಒಂದಕ್ಕೊಂದು ಹೊಡೆದು ಹೋಗಿ ಸೊನ್ನೆಯಾಗುತ್ತದೆ. ಕಾರಿನ 20,000 ಸಂವೇಗ ಮುಂದಕ್ಕಿತ್ತು, ಅದು ಗಡಿಬಿಡಿಯೊಳಗೆ ಅಡಗೋಕೆ ಆಗುವುದಿಲ್ಲ. ಅಷ್ಟೇ ಸಂವೇಗ, ಅದೇ ದಿಕ್ಕಿನಲ್ಲಿ, ಬೇರೆ ಯಾವುದಾದರೂ ವಸ್ತುವಿಗೆ ಹೋಗಬೇಕು. ಹೋಗುವುದು ಟೈರಿನ ಮೂಲಕ ರಸ್ತೆಗೆ, ಅಂದರೆ ಭೂಮಿಗೆ.

ಭೂಮಿಯ ರಾಶಿ ಸುಮಾರು 6 ಗುಣಿಸು ಹತ್ತರ 24ನೇ ಘಾತ ಕೆಜಿ. 20,000ವನ್ನು ಅದರಿಂದ ಭಾಗಿಸಿದರೆ ಭೂಮಿಗೆ ಸಿಗುವ ವೇಗ ಸೆಕೆಂಡಿಗೆ 3.3 ಗುಣಿಸು ಹತ್ತರ ಮೈನಸ್ 21ನೇ ಘಾತ ಮೀಟರ್. ಯಾರೂ ಅಳೆಯೋಕಾಗದಷ್ಟು ಚಿಕ್ಕದು. ಆದರೂ ಸಂವೇಗ ಪೂರ್ತಿ 20,000 ಅಲ್ಲಿಗೆ ತಲುಪಿದೆ, ಒಂದು ಚೂರೂ ಕಡಿಮೆ ಇಲ್ಲ. ಶಕ್ತಿಯಲ್ಲಿ ಭೂಮಿಗೆ ಸಿಕ್ಕ ಪಾಲು ಎಷ್ಟು? ಸಂವೇಗದ ವರ್ಗವನ್ನು ರಾಶಿಯ ಎರಡು ಪಟ್ಟಿನಿಂದ ಭಾಗಿಸಿ. 3.3 ಗುಣಿಸು ಹತ್ತರ ಮೈನಸ್ 17ನೇ ಘಾತ ಜೂಲ್. ಇಲ್ಲವೇ ಇಲ್ಲ ಅನ್ನುವಷ್ಟು. 2 ಲಕ್ಷ ಜೂಲ್ ಹೆಚ್ಚುಕಡಿಮೆ ಎಲ್ಲವೂ ಬ್ರೇಕು ಮತ್ತು ಟೈರಿನ ಬಿಸಿ.

ಒಂದೇ ಬ್ರೇಕಿನಲ್ಲಿ ಸಂವೇಗ ಪೂರ್ತಿ ಭೂಮಿಗೆ ಹೋಯಿತು, ಶಕ್ತಿ ಪೂರ್ತಿ ಬಿಸಿಗೆ ಹೋಯಿತು. ಎರಡು ಅಳತೆ ಯಾಕೆ ಬೇಕು ಅಂತ ಕೇಳಿದ್ದಿರಲ್ಲ, ಎರಡರ ವಿಳಾಸವೇ ಬೇರೆ.

ಬಂದೂಕಿನಲ್ಲೂ ಇದೇ. 10 ಗ್ರಾಂ ಗುಂಡು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ 8. 4 ಕೆಜಿ ಬಂದೂಕಿಗೂ ಹಿಂದಕ್ಕೆ 8, ಅಂದರೆ ವೇಗ 2 ಮೀಟರ್. ಸಿಡಿಮದ್ದಿನ ಗಾಳಿಯ ಪಾಲನ್ನು ಸದ್ಯಕ್ಕೆ ಬಿಡಿ. ಗುಂಡಿನ ಶಕ್ತಿ 3200 ಜೂಲ್, ಬಂದೂಕಿನದು ಬರೀ 8 ಜೂಲ್. ಯಾಕೆ ಇಷ್ಟು ತಾರತಮ್ಯ? ಬಲ ಒಂದೇ, ಹೊತ್ತು ಒಂದೇ, ಆದರೆ ಅಷ್ಟು ಹೊತ್ತಿನಲ್ಲಿ ಗುಂಡು 60 ಸೆಂಟಿಮೀಟರ್ ನಳಿಗೆಯನ್ನು ಓಡಿ ಮುಗಿಸಿತು, ಬಂದೂಕು ಹಿಂದಕ್ಕೆ ಸರಿದದ್ದು ಒಂದೂವರೆ ಮಿಲಿಮೀಟರ್. ಹೊತ್ತು ಸಮ ಇದ್ದರೂ ದೂರ ಸಮ ಇಲ್ಲ.

ಹಳೇ_ವಿಜ್ಞಾನ

ಈ ಎರಡು ಲೆಕ್ಕದ ಜಗಳ ಯುರೋಪಿನ ದೊಡ್ಡ ದೊಡ್ಡವರ ನಡುವೆ ಎಷ್ಟೋ ದಶಕ ನಡೆದಿದೆ. ಅದನ್ನು ಇಲ್ಲಿ ಹೇಳದಿದ್ದರೆ ಹೇಗೆ.

ಫ್ರಾನ್ಸಿನ ತತ್ವಜ್ಞಾನಿ ದೇಕಾರ್ತ್ 1644ರಲ್ಲಿ ಲೋಕದಲ್ಲಿರುವ ಒಟ್ಟು ಚಲನೆ ಬದಲಾಗುವುದಿಲ್ಲ ಅಂದ, ಅದರ ಅಳತೆ ಗಾತ್ರ ಗುಣಿಸು ವೇಗ ಅಂದ. ದಿಕ್ಕನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಾಗಾಗಿ ಡಿಕ್ಕಿಗಳ ಬಗ್ಗೆ ಅವನು ಕೊಟ್ಟ ನಿಯಮಗಳು ನಿಲ್ಲಲಿಲ್ಲ. ಹಾಲೆಂಡಿನ ವಿಜ್ಞಾನಿ ಹೈಗೆನ್ಸ್ ದಿಕ್ಕನ್ನು ಸೇರಿಸಿ ಸರಿಮಾಡಿದ, ಗಟ್ಟಿ ಗುಂಡುಗಳು ಡಿಕ್ಕಿ ಹೊಡೆದು ಪುಟಿದರೆ ರಾಶಿ ಗುಣಿಸು ವೇಗದ ವರ್ಗವೂ ಉಳಿಯುತ್ತದೆ ಅಂತ 1669ರ ಹೊತ್ತಿಗೆ ತೋರಿಸಿದ. 1686ರಲ್ಲಿ ಜರ್ಮನಿಯ ಗಣಿತಜ್ಞ ಲೈಬ್ನಿಜ್ ನೇರವಾಗಿ ದೇಕಾರ್ತನ ಮೇಲೆ ಬಿದ್ದ: ಓಟದ ನಿಜವಾದ ಅಳತೆ ವೇಗ ಅಲ್ಲ, ವೇಗದ ವರ್ಗ ಅಂತ. ಅವನ ವಾದ ಸುಲಭ. ಮೇಲಕ್ಕೆ ಎಸೆದ ಕಲ್ಲಿಗೆ ಎರಡು ಪಟ್ಟು ವೇಗ ಕೊಟ್ಟರೆ ಅದು ನಾಲ್ಕು ಪಟ್ಟು ಎತ್ತರ ಏರುತ್ತದೆ.

1720ರ ದಶಕದಲ್ಲಿ ಹಾಲೆಂಡಿನ ಲೈಡನ್ ಊರಿನಲ್ಲಿ ಗ್ರಾವೆಸಾಂಡೆ ಅನ್ನುವ ಪ್ರೊಫೆಸರ್ ಹಿತ್ತಾಳೆ ಗುಂಡುಗಳನ್ನು ಮೆತ್ತನೆ ಜೇಡಿಮಣ್ಣಿನ ಮೇಲೆ ಬೀಳಿಸಿ ಗುಂಡಿ ಎಷ್ಟಾಯಿತು ಅಂತ ಅಳೆದ. ಎರಡು ಪಟ್ಟು ವೇಗದಲ್ಲಿ ಬಿದ್ದ ಗುಂಡು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಮಣ್ಣನ್ನು ಒತ್ತಿತ್ತು. ಫ್ರಾನ್ಸಿನ ಎಮಿಲಿ ದು ಶಾತ್ಲೆ 1740ರಲ್ಲಿ ಬರೆದ ತನ್ನ ಪುಸ್ತಕದಲ್ಲಿ ಇದನ್ನೆಲ್ಲ ಮುಂದಿಟ್ಟು ಲೈಬ್ನಿಜ್ ಪರವಾಗಿ ವಾದ ಮಾಡಿದಳು. ಹೆಂಗಸರಿಗೆ ಯೂನಿವರ್ಸಿಟಿ ಬಾಗಿಲು ಮುಚ್ಚಿದ್ದ ಕಾಲ ಅದು. ನ್ಯೂಟನ್ನಿನ ದೊಡ್ಡ ಪುಸ್ತಕವನ್ನು ಫ್ರೆಂಚಿಗೆ ತಂದವಳೂ ಅವಳೇ. 1749ರಲ್ಲಿ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡಳು, ಅನುವಾದ ಪೂರ್ತಿಯಾಗಿ ಅಚ್ಚಾದದ್ದು 1759ರಲ್ಲಿ. ನಮ್ಮ ಪಠ್ಯಪುಸ್ತಕದ ಈ ಪಾಠದಲ್ಲಿ ಅವಳ ಹೆಸರೂ ಇರಬೇಕು ಅಂತ ನನ್ನ ಆಸೆ.

ಕೊನೆಗೆ ದೇಕಾರ್ತ್, ಲೈಬ್ನಿಜ್ ಇಬ್ಬರ ಕಡೆಯೂ ಗೆದ್ದಿತು. ಹೊತ್ತಿನ ಲೆಕ್ಕಕ್ಕೆ ಒಂದು, ದೂರದ ಲೆಕ್ಕಕ್ಕೆ ಒಂದು. ನಿಮ್ಮ ಫಾರ್ಮುಲಾದಲ್ಲಿ ಮುಂದೆ ಕೂತಿರುವ ಆ ಅರ್ಧ ಗಟ್ಟಿಯಾದದ್ದು 1829ರಲ್ಲಿ, ಬಲ ಗುಣಿಸು ದೂರದ ಜೊತೆ ಸರಿಹೊಂದಲಿ ಅಂತ ಫ್ರಾನ್ಸಿನ ವಿಜ್ಞಾನಿ ಕೊರಿಯೊಲಿ ಅದನ್ನು ಬಳಸಿದ ಮೇಲೆ.

ಮನೆಯಲ್ಲಿ ಮಾಡಿ ನೋಡುವುದಾದರೆ ಚಪಾತಿ ಹಿಟ್ಟಿಗಿಂತ ಗಣೇಶ ಮಾಡುವ ಜೇಡಿಮಣ್ಣು ಒಳ್ಳೆಯದು. ಒಂದೇ ಗೋಲಿಯನ್ನು 25 ಸೆಂಟಿಮೀಟರ್ ಎತ್ತರದಿಂದ ಬಿಡಿ, ಆಮೇಲೆ 1 ಮೀಟರ್ ಎತ್ತರದಿಂದ. ಎರಡನೆಯದರ ವೇಗ ಮೊದಲನೆಯದರ ಎರಡು ಪಟ್ಟು ಇರುತ್ತದೆ. ಆಳ ಅಳೆಯಬೇಡಿ, ಗುಂಡಿಯೊಳಗೆ ನೀರು ಹಾಕಿ ಎಷ್ಟು ಹನಿ ಹಿಡಿಯುತ್ತದೆ ನೋಡಿ. ಗೋಲಿ ದುಂಡಗಿರುವುದರಿಂದ ಆಳಕ್ಕಿಂತ ಗುಂಡಿಯ ಗಾತ್ರವೇ ಲೆಕ್ಕಕ್ಕೆ ಹತ್ತಿರ ಬರುತ್ತದೆ.

ಪಿಯು_ಸೈನ್ಸ್_ಹಾಸನ

ಮಣ್ಣು ತರಿಸುತ್ತೇನೆ. ಕೊನೆಗೆ ಒಂದೇ ಒಂದು. ಕಾರು ಸೊನ್ನೆಯಿಂದ 10ಕ್ಕೆ ಬರೋಕೆ 50 ಸಾವಿರ ಜೂಲ್, 10ರಿಂದ 20ಕ್ಕೆ ಒಂದೂವರೆ ಲಕ್ಷ. ಆದರೆ ಪಕ್ಕದಲ್ಲಿ ಸಮನಾಗಿ 10ರಲ್ಲಿ ಹೋಗುತ್ತಿರುವ ಬಸ್ಸಿನಲ್ಲಿ ಕೂತು ನೋಡಿದರೆ ಆ ಎರಡನೇ ಭಾಗದಲ್ಲಿ ಕಾರು ಸೊನ್ನೆಯಿಂದ 10ಕ್ಕೆ ಬಂದ ಹಾಗೇ ಕಾಣುತ್ತದೆ, 50 ಸಾವಿರ ಜೂಲ್ ಸಾಕು. ಸುಟ್ಟ ಪೆಟ್ರೋಲ್ ಮಾತ್ರ ಒಂದೇ ಅಲ್ವಾ? ಉಳಿದ ಒಂದು ಲಕ್ಷ ಎಲ್ಲಿ ಹೋಯಿತು?

ಫಿಸಿಕ್ಸ್_ಮೇಷ್ಟ್ರು

ಭೂಮಿಯಲ್ಲಿ ಹುಡುಕಿ. ಕಾರು ಮುಂದೆ ಹೋಗಬೇಕಾದರೆ ಟೈರು ರಸ್ತೆಯನ್ನು ಹಿಂದಕ್ಕೆ ತಳ್ಳಬೇಕು. ರಸ್ತೆಯಲ್ಲಿ ನಿಂತವನಿಗೆ ಭೂಮಿ ನಿಂತೇ ಇದೆ, ಅದಕ್ಕೆ ಸಿಗುವ ಶಕ್ತಿ ಸೊನ್ನೆ ಅಂತಲೇ ಹೇಳಬಹುದು. ಆದರೆ ಬಸ್ಸಿನಲ್ಲಿ ಕೂತವನಿಗೆ ಇಡೀ ಭೂಮಿಯೇ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಿಂದಕ್ಕೆ ಓಡುತ್ತಿದೆ. ಓಡುತ್ತಿರುವುದನ್ನು ಅದು ಓಡುವ ದಿಕ್ಕಿನಲ್ಲೇ ತಳ್ಳಿದರೆ ಅದರ ಶಕ್ತಿ ಏರುತ್ತದೆ. ಎಷ್ಟು ಏರುತ್ತದೆ? ಭೂಮಿಗೆ ಸಿಕ್ಕ ಸಂವೇಗ 10,000, ಅದನ್ನು ಭೂಮಿಯ ವೇಗ 10ರಿಂದ ಗುಣಿಸಿ, ಒಂದು ಲಕ್ಷ ಜೂಲ್. ಕಾರಿಗೆ 50 ಸಾವಿರ, ಭೂಮಿಗೆ ಒಂದು ಲಕ್ಷ. ಕೂಡಿದರೆ ಒಂದೂವರೆ ಲಕ್ಷ. ರಸ್ತೆಯಲ್ಲಿ ನಿಂತವನ ಲೆಕ್ಕಕ್ಕೂ ಬಸ್ಸಿನವನ ಲೆಕ್ಕಕ್ಕೂ ಇಂಜಿನ್ ಕೊಟ್ಟದ್ದು ಅಷ್ಟೇ.